ಗ್ರಂಥಾಲಯದಲ್ಲಿ ಒಂಬತ್ತು ವಾರದ ಪ್ರದರ್ಶನ: ತಾಡೋಲೆ, ನಿಜಾಮ ಕಾಲದ ಕಾಗದ, ನಾಲ್ಕು ಹಳೆ ಗಾಜಿನ ಪೆಟ್ಟಿಗೆ

ಜ್ಞಾನದ್ವಾರ (ಕಲಬುರಗಿ) ಕೇಳಿದ್ದು:

ಎಲ್ಲರಿಗೂ ಶರಣು. ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಂದು ಶುರುವಾಗಿ ನವೆಂಬರ್ 20ಕ್ಕೆ, ಅಂದರೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದ ಕೊನೆಯ ದಿನಕ್ಕೆ, ಮುಗಿಯುವ ಪ್ರದರ್ಶನ ಇಡಬೇಕಿದೆ. ಜಾಗ 30 ಅಡಿ ಉದ್ದ, 20 ಅಡಿ ಅಗಲ. ಶಹಾಬಾದ್ ಫರ್ಸಿ ನೆಲ, ಪಶ್ಚಿಮಕ್ಕೆ ಎರಡು ದೊಡ್ಡ ಕಿಟಕಿ, ಎ.ಸಿ. ಇಲ್ಲ. ಹಳೆಯ ತೇಗದ ಗಾಜಿನ ಪೆಟ್ಟಿಗೆ ನಾಲ್ಕಿವೆ. ಒಂದೊಂದರ ಒಳಗಳತೆ 4 ಅಡಿ × 2 ಅಡಿ, ಎತ್ತರ 1 ಅಡಿ, ಒಳಗೆ ಟ್ಯೂಬ್‌ಲೈಟ್. ಆರಿಸಿರುವುದು 42 ವಸ್ತು: ತಾಡೋಲೆಯ ಆರು ಕಟ್ಟು, ಉರ್ದು ಮತ್ತು ಫಾರಸಿ ಕೈಬರಹದ ಕಂದಾಯ ಕಾಗದ, ಹೈದರಾಬಾದ್ ಸಂಸ್ಥಾನದ ಗೆಜೆಟ್‌ಗಳು, ಎರಡು ನಕ್ಷೆ, 1948ರ ಆಸುಪಾಸಿನ ಪತ್ರಿಕೆಗಳು. ಕೆಲವನ್ನು ಮನೆತನಗಳಿಂದ ಎರವಲು ತರಬೇಕು. ಜೊತೆಗೆ ಊರಿನ ಜನರಿಗೂ ತೆರೆದ ಮೂರು ಕಾರ್ಯಕ್ರಮ ಮಾಡಬೇಕು.

ಹಣ ಕಡಿಮೆ. ಕಾಗದಗಳಿಗೆ ಲ್ಯಾಮಿನೇಶನ್ ಮಾಡಿಸಿ, ಪೆಟ್ಟಿಗೆಗೆ ಹೊಸ ಬಣ್ಣ ಹಚ್ಚಿ, ಒಳಗೆ ನುಸಿಗುಳಿಗೆ ಮತ್ತು ತೇವ ಹೀರುವ ಸಿಲಿಕಾ ಜೆಲ್ ಹಾಕಿದರೆ ಸಾಕು ಎಂಬ ಸಲಹೆ ಬಂದಿದೆ. ಸರಿಯೇ? ಮೊದಲು ಯಾವುದಕ್ಕೆ ಕೈ ಹಾಕಬೇಕು?

ಓಲೆಗರಿ ಉತ್ತರ:

ಲ್ಯಾಮಿನೇಶನ್ ಬೇಡವೇ ಬೇಡ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಇಳಿದು ಕೂರುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಕಾಗದದೊಳಗಿನ ಆಮ್ಲವೂ ಅಲ್ಲೇ ಸಿಕ್ಕಿಕೊಂಡು ಹಾಳೆ ಒಳಗಿಂದೊಳಗೇ ಕಂದಾಗುತ್ತಾ ಹೋಗುತ್ತದೆ. ಉಳಿದ ಮೂರು ಸಲಹೆಗಳನ್ನೂ ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಲೆಕ್ಕ: ನಾಲ್ಕು ಪೆಟ್ಟಿಗೆಗೆ 42 ವಸ್ತು ಹಿಡಿಸುವುದಿಲ್ಲ. 4×2 ಅಡಿಯ ಪೆಟ್ಟಿಗೆಯಲ್ಲಿ ವಿವರದ ಚೀಟಿ ಸೇರಿ ಮೂರು, ಹೆಚ್ಚೆಂದರೆ ನಾಲ್ಕು ವಸ್ತು ಕಣ್ಣಿಗೆ ಚೆನ್ನಾಗಿ ಕೂರುತ್ತವೆ. ಮೂಲ ಪ್ರತಿ 12ರಿಂದ 14 ಇಡಿ. ಉಳಿದವನ್ನು ಛಾಯಾಪ್ರತಿ ತೆಗೆದು ಗೋಡೆಗೆ ಹಾಕಿ, ಕೆಳಗೆ "ನಕಲು ಪ್ರತಿ" ಎಂದು ಬರೆಯಿರಿ. ಪತ್ರಿಕೆಗಳು ಎಲ್ಲವೂ ನಕಲೇ ಇರಲಿ. ಆ ಕಾಲದ ನ್ಯೂಸ್‌ಪ್ರಿಂಟ್ ಮರದ ತಿರುಳಿನ ಅಗ್ಗದ ಕಾಗದ, ಮಡಿಕೆ ಬಿಚ್ಚಿದ ಕಡೆಯೆಲ್ಲ ಮುರಿಯುತ್ತದೆ.

ಬೆಳಕು. ಕೈಬರಹ, ನಕ್ಷೆಯ ಬಣ್ಣ, ತಾಡೋಲೆ ಇವಕ್ಕೆ ವಸ್ತುವಿನ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು. ಅಪಾಯವಿರುವುದು ಬೆಳಕು ಮತ್ತು ಗಂಟೆಗಳ ಗುಣಾಕಾರದಲ್ಲಿ. ನಿಮ್ಮದು 65 ದಿನ, ರಜೆ ಕಳೆದರೆ ಸುಮಾರು 55. ದಿನಕ್ಕೆ 8 ಗಂಟೆಯಂತೆ 440 ಗಂಟೆ. 50 ಲಕ್ಸ್‌ಗೆ 22,000 ಲಕ್ಸ್-ಗಂಟೆ ಆಯಿತು. ಅದೇ ಓದುವ ಕೋಣೆಯ ಮಾಮೂಲು 300 ಲಕ್ಸ್ ಇದ್ದರೆ 1,32,000. ಇಂಥ ನಾಜೂಕು ವಸ್ತುವಿಗೆ ಇಡೀ ವರ್ಷಕ್ಕೆ 50,000ದ ಒಳಗಿರಲಿ ಎನ್ನುವುದು ವಾಡಿಕೆ. ಆದ್ದರಿಂದ ಪೆಟ್ಟಿಗೆಯೊಳಗಿನ ಟ್ಯೂಬ್‌ಲೈಟ್ ಮೊದಲು ಬಿಚ್ಚಿಸಿ. ಅದರಿಂದ ನೇರಳಾತೀತ ಕಿರಣ ಬರುತ್ತದೆ, ಅದರ ಚೋಕ್ ಒಳಗೇ ಬಿಸಿ ಏರಿಸುತ್ತದೆ. ಹಗಲು ಬಿಸಿ, ರಾತ್ರಿ ತಂಪು ಎಂದು ದಿನಕ್ಕೊಮ್ಮೆ ಗಾಳಿ ಹಿಗ್ಗಿ ಕುಗ್ಗಿದರೆ ಪೆಟ್ಟಿಗೆ ಉಸಿರಾಡಿದ ಹಾಗೆ ಹೊರಗಿನ ಧೂಳು, ತೇವ ಎರಡನ್ನೂ ಒಳಗೆ ಎಳೆಯುತ್ತದೆ. ಹೊರಗಿನಿಂದ, ಮೇಲಿನಿಂದ, 3000 ಕೆಲ್ವಿನ್ ಹಳದಿ ಛಾಯೆಯ ಎಲ್‌ಇಡಿ ಬೆಳಕು ಸಾಕು. ಪಶ್ಚಿಮದ ಕಿಟಕಿಗಳಿಗೆ ದಪ್ಪ ಕೋರಾ ಬಟ್ಟೆಯ ಎರಡು ಪದರ ಪರದೆ ಹಾಕಿಸಿ. ಸಂಜೆ ನಾಲ್ಕರ ಬಿಸಿಲು ಒಂದು ತಾಸು ನೇರ ಬಿದ್ದರೂ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಮೊಬೈಲಿನ ಲಕ್ಸ್ ಆ್ಯಪ್ ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ 50 ಮತ್ತು 200ರ ವ್ಯತ್ಯಾಸ ತಿಳಿಯಲು ಸಾಕು. ಭೌತಶಾಸ್ತ್ರ ವಿಭಾಗದಲ್ಲಿ ಲಕ್ಸ್ ಮೀಟರ್ ಇದ್ದರೆ ಒಂದು ದಿನಕ್ಕೆ ತನ್ನಿ.

ಇನ್ನು ತೇವ. ನಿಮ್ಮ ಒಂಬತ್ತು ವಾರದ ಕಷ್ಟ ಇರುವುದೇ ಇಲ್ಲಿ. ಕಲಬುರಗಿಗೆ ಸೆಪ್ಟೆಂಬರ್ ಜೋರು ಮಳೆಯ ತಿಂಗಳು, ಮಳೆ ಹಿಡಿದರೆ ಕೋಣೆಯೊಳಗಿನ ಸಾಪೇಕ್ಷ ಆರ್ದ್ರತೆ (ಗಾಳಿಯ ತೇವದ ಅಳತೆ) ಶೇ. 75 ದಾಟುವುದು ಮಾಮೂಲು. 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಶುರು. ನವೆಂಬರಿಗೆ ಮಧ್ಯಾಹ್ನದ ಹೊತ್ತು 40ಕ್ಕಿಂತ ಕೆಳಗೆ ಬರುತ್ತದೆ, ಆಗ ತಾಡೋಲೆ ಒಣಗಿ ಸೀಳುತ್ತದೆ. ಒಂದೇ ಉಪಾಯ ಎರಡಕ್ಕೂ ನಡೆಯುವುದಿಲ್ಲ. ಗುರಿ 45ರಿಂದ 55ರ ನಡುವೆ ಇರಲಿ, ಒಂದೇ ದಿನದಲ್ಲಿ 5ಕ್ಕಿಂತ ಹೆಚ್ಚು ಏರಿಳಿಯದಿರಲಿ.

ಸಿಲಿಕಾ ಜೆಲ್ ವಿಷಯದಲ್ಲಿ ಎಲ್ಲ ಕಡೆ ನಡೆಯುವ ತಪ್ಪು: ಅಂಗೈಯಷ್ಟು ಎರಡು ಪೊಟ್ಟಣ ಮೂಲೆಯಲ್ಲಿ ಇಟ್ಟು ಸುಮ್ಮನಾಗುವುದು. ಪೆಟ್ಟಿಗೆಯ ಒಂದು ಘನ ಮೀಟರ್ ಜಾಗಕ್ಕೆ 20 ಕಿಲೋ ಎಂಬುದು ಸಂಗ್ರಹಾಲಯಗಳ ಹಳೆಯ ಲೆಕ್ಕ. ನಿಮ್ಮ ಪೆಟ್ಟಿಗೆ 8 ಘನ ಅಡಿ, ಅಂದರೆ 0.23 ಘನ ಮೀಟರ್. ಒಂದಕ್ಕೆ ನಾಲ್ಕೂವರೆ ಕಿಲೋ ಬೇಕು. ಎರಡನೇ ತಪ್ಪು, ನೀಲಿ ಜೆಲ್ ಗುಲಾಬಿಯಾದ ಕೂಡಲೇ ಹುರಿದು ಮತ್ತೆ ಹಾಕುವುದು. ನೀಲಿ ಬಣ್ಣ ಹೋಗುವುದು 40ರ ಆಸುಪಾಸಿನಲ್ಲೇ. ನಿಮಗೆ ಬೇಕಾದ 50ರಲ್ಲಿ ಅದು ಗುಲಾಬಿಯೇ ಇರುತ್ತದೆ. ಗುಲಾಬಿ ಕಂಡು ಹೆದರಿ ಪೂರ್ತಿ ಒಣಗಿಸಿದ್ದನ್ನು ಹಾಕಿದರೆ ಒಳಗಿನ ಆರ್ದ್ರತೆ 30ಕ್ಕೆ ಬಿದ್ದು, ನೀವೇ ಕೈಯಾರೆ ಓಲೆ ಸೀಳಿದಂತೆ. ಆ ನೀಲಿ ಕೋಬಾಲ್ಟ್ ಕ್ಲೋರೈಡ್ ಕೈಗೂ ಒಳ್ಳೆಯದಲ್ಲ, ಬಣ್ಣವಿಲ್ಲದ ಬಿಳಿ ಜೆಲ್ ಕೊಳ್ಳಿ.

ಮಾಡುವ ಕ್ರಮ: ಜೆಲ್ಲನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ 120 ಡಿಗ್ರಿಯಲ್ಲಿ ಎರಡು-ಮೂರು ಗಂಟೆ ಒಣಗಿಸಿ. ರಸಾಯನಶಾಸ್ತ್ರ ವಿಭಾಗದ ಓವನ್ ಸಾಕು. ಆಮೇಲೆ ಎ.ಸಿ. ನಡೆಯುವ ಕೋಣೆಯಲ್ಲಿ, ಸರ್ವರ್ ರೂಮ್ ಸಿಕ್ಕರೆ ಅದೇ ಒಳ್ಳೆಯದು, ಆರ್ದ್ರತೆ 50ರ ಹತ್ತಿರ ಇರುವ ಕಡೆ ಹರಡಿಡಿ. ದಿನಾ ಒಂದು ತಟ್ಟೆ ತೂಗಿ. ತೂಕ ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ, ಅದಕ್ಕೆ ಒಂದೆರಡು ವಾರ ಬೇಕು. ಆಗ ಕೋರಾ ಬಟ್ಟೆಯ ಚೀಲಕ್ಕೆ ತುಂಬಿ ಪೆಟ್ಟಿಗೆಯ ತಳದಲ್ಲಿ, ತೂತು ಕೊರೆದ ಹಲಗೆಯ ಕೆಳಗೆ ಇಡಿ. ಹೀಗೆ ಹದ ಮಾಡಿದ ಜೆಲ್ ಸೆಪ್ಟೆಂಬರಿನಲ್ಲಿ ತೇವ ಹೀರುತ್ತದೆ, ನವೆಂಬರಿನಲ್ಲಿ ಬಿಡುತ್ತದೆ. ಪೆಟ್ಟಿಗೆಯ ಸಂದು ಮುಚ್ಚದಿದ್ದರೆ ಇದೆಲ್ಲ ದಂಡ. ಗಾಜಿನ ಅಂಚಿಗೆ ಸಿಲಿಕೋನ್ ರಬ್ಬರಿನ ಪಟ್ಟಿ ಹಾಕಿಸಿ. ಪ್ರತಿ ಪೆಟ್ಟಿಗೆಯಲ್ಲಿ ಆರ್ದ್ರತೆ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ಇಟ್ಟು ಬೆಳಿಗ್ಗೆ ಬಾಗಿಲು ತೆರೆದಾಗ, ಸಂಜೆ ಮುಚ್ಚುವಾಗ ಬರೆದಿಡಿ. ಇಡುವ ಮುಂಚೆ ನಾಲ್ಕನ್ನೂ ಒಟ್ಟಿಗೆ ಒಂದು ರಾತ್ರಿ ಬಿಟ್ಟು, ಒಂದೇ ಅಂಕಿ ತೋರುತ್ತವೆಯೇ ನೋಡಿ. ಅಗ್ಗದವು ಐದಾರು ಅಂಕ ಹಿಂದೆಮುಂದೆ ಇರುತ್ತವೆ, ಆ ವ್ಯತ್ಯಾಸ ಬರೆದಿಟ್ಟುಕೊಂಡರೆ ಆಯಿತು.

ಬಣ್ಣ ಹಚ್ಚಲೇಬೇಕೆಂದರೆ ಹೊರಮೈಗೆ ಮಾತ್ರ, ಅದೂ ಆಗಸ್ಟ್ ಎರಡನೇ ವಾರದೊಳಗೆ. ಎಣ್ಣೆ ಬಣ್ಣದ ಆವಿ ಹೋಗಲು ಬಾಗಿಲು ತೆರೆದು ಮೂರು-ನಾಲ್ಕು ವಾರ ಬೇಕು. ತೇಗ, ಪ್ಲೈವುಡ್ ಎರಡೂ ಆಮ್ಲದ ಆವಿ ಬಿಡುತ್ತವೆ. ಒಳಗಿನ ಹಲಗೆಗೆ ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ಒಗೆದು ಗಂಜಿ ತೆಗೆದ ಬಿಳಿ ಹತ್ತಿ ಬಟ್ಟೆ ಹೊದಿಸಿ. ಕೆಂಪು ಬಟ್ಟೆ ನೋಡಲು ಚೆಂದ, ಹಸ್ತಪ್ರತಿ ಕಟ್ಟಲು ರೂಢಿಯೂ ಹೌದು, ಆದರೆ ನೀರು ತಾಗಿದರೆ ಬಣ್ಣ ಬಿಡುತ್ತದೆ. ಮಳೆಗಾಲದಲ್ಲಿ ಆ ಧೈರ್ಯ ಬೇಡ. ನುಸಿಗುಳಿಗೆಯ ಆವಿ ತಂಪು ಹೊತ್ತಿನಲ್ಲಿ ಮತ್ತೆ ಹರಳುಗಟ್ಟಿ ವಸ್ತುಗಳ ಮೇಲೆ ಕೂರಬಹುದು, ನೋಡಲು ಬಂದವರಿಗೂ ತಲೆನೋವು. ಬೇವಿನ ಸೊಪ್ಪು, ಬಜೆ ಬೇರು ಕಪಾಟಿನಲ್ಲಿ ಕಟ್ಟಿಡಲು ಸರಿ, ಗಾಜಿನ ಪೆಟ್ಟಿಗೆಯಲ್ಲಿ ಅವು ತೇವ ತಂದು ಹುಳುವಿಗೇ ಮೇವಾಗುತ್ತವೆ.

ತಾಡೋಲೆ: ಇಡೀ ಕಟ್ಟು ಬಿಚ್ಚಿ ಹರಡಬೇಡಿ. ಕಟ್ಟನ್ನು ಮರದ ಪಟ್ಟಿಕೆಯ ನಡುವೆಯೇ ಇಟ್ಟು, ಮೂರು ಅಥವಾ ನಾಲ್ಕು ಗರಿ ಮಾತ್ರ ಮುಂದೆ ಮಲಗಿಸಿ. ಅಂಚಿನಲ್ಲಿರುವ ಕನ್ನಡ ಅಂಕಿಯ ಗರಿ ಸಂಖ್ಯೆ ಮೊದಲು ಬರೆದುಕೊಳ್ಳಿ, ಇಲ್ಲದಿದ್ದರೆ ವಾಪಸ್ ಇಡುವಾಗ ಕ್ರಮ ತಪ್ಪುತ್ತದೆ. ತೂತಿನ ದಾರ ಎಳೆದು ಬಿಗಿಯಬೇಡಿ, ಗರಿ ಒಂದರ ಮೇಲೊಂದು ಸರಿಯುವಷ್ಟು ಸಡಿಲ ಇರಲಿ. ಅಕ್ಷರ ಕಾಣುವುದಿಲ್ಲವೆಂದು ಉದ್ಘಾಟನೆಯ ಹಿಂದಿನ ದಿನ ಕಾಡಿಗೆ, ಸಿಟ್ರೊನೆಲ್ಲಾ ಎಣ್ಣೆ ಬಳಿಯಲು ಹೊರಡಬೇಡಿ. ಅದು ನುರಿತವರು ಬಿಡುವಾಗಿ ಕೂತು ಮಾಡುವ ಕೆಲಸ. ಎಣ್ಣೆ ಹಸಿಯಿದ್ದರೆ ಧೂಳು ಮೆತ್ತುತ್ತದೆ. ಬದಿಯಿಂದ ಓರೆ ಬೆಳಕು ಕೊಟ್ಟರೆ ಕೊರೆದ ಅಕ್ಷರ ತಾನೇ ಏಳುತ್ತದೆ.

ಹೊಲಿದ ಪುಸ್ತಕ, ಗೆಜೆಟ್ ಸಂಪುಟ ತೆರೆದಿಡುವುದಾದರೆ ಪೂರ್ತಿ 180 ಡಿಗ್ರಿ ಬೇಡ. ಅದು ತಾನಾಗಿ ತೆರೆದುಕೊಳ್ಳುವಷ್ಟು, ಸಾಮಾನ್ಯವಾಗಿ 90ರಿಂದ 120 ಡಿಗ್ರಿ, ತೆರೆದು ಎರಡೂ ರಟ್ಟಿನ ಕೆಳಗೆ ಆಮ್ಲರಹಿತ ಮೌಂಟ್ ಬೋರ್ಡಿನ ಆಸರೆ ಕೊಡಿ. ಪುಟ ನಿಲ್ಲಲು ಒಂದು ಸೆಂಟಿಮೀಟರ್ ಅಗಲದ ಪಾಲಿಯೆಸ್ಟರ್ ಪಟ್ಟಿ ಸುತ್ತಿ, ತುದಿಗಳನ್ನು ಪಟ್ಟಿಗೇ ಅಂಟಿಸಿ, ಕಾಗದಕ್ಕಲ್ಲ. ಮೂರು ವಾರಕ್ಕೊಮ್ಮೆ ಪುಟ ತಿರುವಿ. ಸೆಲೋಟೇಪ್, ಗುಂಡುಪಿನ್ನು, ರಬ್ಬರ್ ಬ್ಯಾಂಡ್ ಆ ಕೋಣೆಗೇ ಬರಬಾರದು.

ಪೆಟ್ಟಿಗೆಗಳು ಹೊರಗೋಡೆಯಿಂದ ಅರ್ಧ ಅಡಿ ದೂರ, ನೆಲದಿಂದ ಎತ್ತರದಲ್ಲಿ ಇರಲಿ. ಆಗಸ್ಟಿನ ಒಂದು ದೊಡ್ಡ ಮಳೆಯ ಮರುದಿನ ಸೂರು, ಮೂಲೆ ಎಲ್ಲ ನೋಡಿ, ಹನಿ ಬೀಳುವ ಕಡೆ ಗುರುತು ಹಾಕಿ, ಆಮೇಲೆ ಪೆಟ್ಟಿಗೆಯ ಜಾಗ ನಿರ್ಧರಿಸಿ.

ಅಕ್ಷರಗಾರ (ಬೀದರ್) ಉತ್ತರ:

ಓಲೆಗರಿಯವರು ವಸ್ತುವಿನ ಕಡೆ ನೋಡಿದರು, ನಾನು ಬರಹದ ಕಡೆ ಹೇಳುತ್ತೇನೆ. ನಿಜಾಮ ಕಾಲದ ಕಾಗದ ಇಡುವವರು ಹೆಚ್ಚಾಗಿ ಎಡವುವುದು ತಾರೀಖಿನಲ್ಲಿ. ಕಾಗದದಲ್ಲಿ ಇರುವುದು ಹಿಜರಿ (ಇಸ್ಲಾಮಿ ಚಾಂದ್ರಮಾನ) ವರ್ಷವೋ ಫಸಲಿ (ಕಂದಾಯದ) ವರ್ಷವೋ ನೋಡಬೇಕು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜ಼ುರ್ ತಿಂಗಳಿಂದ ಶುರು. ಅಕ್ಟೋಬರಿನಿಂದ ಡಿಸೆಂಬರ್ ತನಕದ ತಾರೀಖಿಗೆ 590, ಜನವರಿಯಿಂದ ಮುಂದಿನದಕ್ಕೆ 591 ಕೂಡಿಸಿದರೆ ಇಸವಿ ಸಿಗುತ್ತದೆ. ಸೆಪ್ಟೆಂಬರ್ 1948 ಎಂದರೆ ಫಸಲಿ 1357. ಅದೇ ಹೊತ್ತಿನ ಹಿಜರಿ ವರ್ಷ 1367. ನಡುವೆ ಹತ್ತೇ ವರ್ಷದ ಅಂತರ ಇರುವುದರಿಂದ ಒಂದನ್ನು ಇನ್ನೊಂದೆಂದು ಓದಿದರೂ ಅನುಮಾನ ಬರುವುದಿಲ್ಲ. 1357ನ್ನು ಹಿಜರಿ ಎಂದು ತಿಳಿದರೆ 1938 ಆಗುತ್ತದೆ, ಪೊಲೀಸ್ ಕಾರ್ಯಾಚರಣೆಯ (1948ರಲ್ಲಿ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೇನಾ ಕ್ರಮ) ಕಾಗದ ಹತ್ತು ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ತಿಂಗಳ ಹೆಸರು ನೋಡಿ: ಆಜ಼ುರ್, ದೈ, ಬಹಮನ್, ಮೆಹರ್ ಹೀಗಿದ್ದರೆ ಫಸಲಿ, ಮೊಹರಂ, ಸಫರ್, ಶಾಬಾನ್ ಇದ್ದರೆ ಹಿಜರಿ. ಚೀಟಿಯಲ್ಲಿ ಮೂಲದ ವರ್ಷವನ್ನೂ ಇಸವಿಯನ್ನೂ ಎರಡೂ ಬರೆಯಿರಿ.

ಹಣದ ವಿಷಯವೂ ಹೀಗೇ. ಆ ಕಾಗದದ ರೂಪಾಯಿ ಸಾಮಾನ್ಯವಾಗಿ ಹೈದರಾಬಾದಿನದೇ ಆದ ಹಾಲಿ ಸಿಕ್ಕಾ. ಬ್ರಿಟಿಷ್ ರೂಪಾಯಿಗೆ ಕಲ್ದಾರ ಎನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ ಎಂಬುದು ಕೊನೆಯ ದಶಕಗಳ ದರ. ಕಂದಾಯದ ಲೆಕ್ಕಗಳಲ್ಲಿ ಮೊತ್ತವನ್ನು ಸಿಯಾಖ್ ಸಂಕೇತದಲ್ಲಿ ಬರೆದಿರುತ್ತಾರೆ, ಉರ್ದು ಚೆನ್ನಾಗಿ ಬಲ್ಲವರಿಗೂ ಅದು ಓದಲು ಬರುವುದಿಲ್ಲ. ಓದಲು ಬರುವವರು ಸಿಗದಿದ್ದರೆ ಮೊತ್ತವನ್ನು ಊಹಿಸಿ ಬರೆಯಬೇಡಿ. ಶಿಕಸ್ತಾ (ಅಕ್ಷರ ಮುರಿದು ಕೂಡಿಸಿ ಓಡಿಸುವ) ಬರಹ ಇರುವ ಕಾಗದಕ್ಕೂ ಇದೇ ಮಾತು. ಊರಿನ ಹೆಸರು ಕಾಗದದಲ್ಲಿ ಗುಲಬರ್ಗಾ ಎಂದಿದ್ದರೆ ಹಾಗೇ ಇರಲಿ. ಕಲಬುರಗಿ ಅಧಿಕೃತವಾದದ್ದು 2014ರ ನವೆಂಬರಿನಲ್ಲಿ. ಹಳೆ ನಕ್ಷೆಯಲ್ಲಿ ಗುಲಬರ್ಗಾ ಸುಬಾ (ಹಲವು ಜಿಲ್ಲೆ ಸೇರಿದ ವಿಭಾಗ) ಎಂದು ಕಂಡರೆ ಅದನ್ನು ಈಗಿನ ಜಿಲ್ಲೆಯೆಂದು ವಿವರಿಸಬೇಡಿ, ಬೀದರ್, ರಾಯಚೂರು, ಉಸ್ಮಾನಾಬಾದ್ ಅದರೊಳಗೇ ಇದ್ದವು.

ಚೀಟಿ ಎಷ್ಟು ಉದ್ದ? ಪೆಟ್ಟಿಗೆಯ ಚೀಟಿಗೆ ಕನ್ನಡದಲ್ಲಿ 40 ಪದ, ಗೋಡೆಯ ಫಲಕಕ್ಕೆ 100 ಪದ. ಇದಕ್ಕಿಂತ ಉದ್ದ ಇದ್ದರೆ ನಿಂತು ಓದುವವರು ಪರೀಕ್ಷೆಗೆ ಬಂದ ಎಂ.ಎ. ವಿದ್ಯಾರ್ಥಿಗಳು ಮಾತ್ರ. ಮೊದಲ ವಾಕ್ಯದಲ್ಲೇ ಕಣ್ಣೆದುರಿನ ವಸ್ತುವಿನಲ್ಲಿ ಏನು ನೋಡಬೇಕು ಎಂದಿರಲಿ: "ಎಡ ಮೂಲೆಯ ಮೊಹರು ನೋಡಿ", "ಮೂರನೇ ಸಾಲಿನ ಮೊದಲ ಪದ ಓದಿ". ತಾಡೋಲೆಯ ಒಂದು ಸಾಲನ್ನಾದರೂ ಇದ್ದ ಹಾಗೇ ಬಿಡಿಸಿ ಬರೆದು, ಕೆಳಗೆ ಹೊಸಗನ್ನಡದ ಅರ್ಥ ಕೊಡಿ. ಓದಲು ಬರದ ಅಕ್ಷರದಲ್ಲಿ ಒಂದು ಸಾಲು ತಾವೇ ಓದಿದೆವು ಎನ್ನಿಸಿದರೆ ಜನ ಮುಂದಿನ ಪೆಟ್ಟಿಗೆಗೂ ಬಗ್ಗುತ್ತಾರೆ.

ಅಕ್ಷರದ ಗಾತ್ರ: ಪೆಟ್ಟಿಗೆಯ ಚೀಟಿಗೆ 26ರಿಂದ 28 ಪಾಯಿಂಟ್, ಫಲಕದ ಒಡಲಿಗೆ 36, ತಲೆಬರಹಕ್ಕೆ 90ರ ಮೇಲೆ. ಕನ್ನಡಕ್ಕೆ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನ ಅಂತರ ಒಂದೂವರೆ ಪಟ್ಟು ಬೇಕು. ಇಂಗ್ಲಿಷಿನ ಅಂತರವನ್ನೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಫಲಕದ ನಡು ನೆಲದಿಂದ 145 ಸೆಂ.ಮೀ. ಎತ್ತರದಲ್ಲಿರಲಿ. ಪೆಟ್ಟಿಗೆಗಳ ನಡುವೆ ಗಾಲಿಕುರ್ಚಿ ತಿರುಗಲು 150 ಸೆಂ.ಮೀ. ದಾರಿ ಬಿಡಿ.

ಮುದ್ರಣದಲ್ಲಿ ಕೈಕೊಡುವುದು ಒಂದೇ ಕಡೆ. ನೀವು ಯೂನಿಕೋಡಿನಲ್ಲಿ ಬರೆದು ವಾಟ್ಸಾಪಿನಲ್ಲಿ ಕಳಿಸುತ್ತೀರಿ. ಅಂಗಡಿಯವರ ಹಳೆ ಕೋರಲ್ ಡ್ರಾ ಅಥವಾ ಪೇಜ್‌ಮೇಕರ್ ನುಡಿ ಇಲ್ಲವೇ ಶ್ರೀಲಿಪಿ ಎಂಬ ಹಳೆಯ ಕನ್ನಡ ತಂತ್ರಾಂಶಕ್ಕೆ ಒಗ್ಗಿರುತ್ತದೆ. ಅಂಟಿಸಿದ ಕೂಡಲೇ ಅರ್ಕಾವತ್ತು ಜಾಗ ಬಿಡುತ್ತದೆ, ಒತ್ತುಗಳು ಬಿಡಿಬಿಡಿಯಾಗಿ ಸಾಲಿಗೆ ಬರುತ್ತವೆ, "ಕರ್ನಾಟಕ"ವೇ ಸರಿ ಬರುವುದಿಲ್ಲ. ಪರಿವರ್ತಕ ಬಳಸಿದರೂ ಅಂಕಿ, ಉದ್ಧರಣ ಚಿಹ್ನೆ ಹಾಳಾಗುತ್ತವೆ. ನೋಟೋ ಸೆರಿಫ್ ಕನ್ನಡದಂಥ ಯೂನಿಕೋಡ್ ಫಾಂಟಿನಲ್ಲಿ ನೀವೇ ಪುಟ ಕಟ್ಟಿ, ಫಾಂಟ್ ಒಳಸೇರಿಸಿದ ಪಿಡಿಎಫ್ ಕೊಡಿ. ಅಂಗಡಿಯಲ್ಲಿ ಒಂದಕ್ಷರವನ್ನೂ ಟೈಪ್ ಮಾಡಿಸಬೇಡಿ. ಉರ್ದು ಚೀಟಿಯನ್ನು ಇನ್‌ಪೇಜ್ ತಂತ್ರಾಂಶದಲ್ಲಿ, ನಸ್ತಾಲೀಖ್ ಬರಹ ಶೈಲಿಯಲ್ಲಿ ಮಾಡಿಸಿ, ಉರ್ದು ಬಲ್ಲವರಿಗೆ ಪರದೆಯಲ್ಲಲ್ಲ, ಅಚ್ಚಾದ ಹಾಳೆಯಲ್ಲಿ ತೋರಿಸಿ. ಒಂದು ಚುಕ್ಕಿ ಸರಿದರೆ ಅಕ್ಷರವೇ ಬೇರೆ.

ಫ್ಲೆಕ್ಸ್ ಬ್ಯಾನರ್ ಬೇಡ, ರಾಜ್ಯದಲ್ಲಿ 2016ರಿಂದಲೇ ಅದಕ್ಕೆ ನಿಷೇಧವಿದೆ. ಹೊರಗೆ ಬಟ್ಟೆಯ ಬ್ಯಾನರ್, ಒಳಗೆ 5 ಮಿ.ಮೀ. ಸನ್‌ಬೋರ್ಡ್ ಫಲಕ. ಸನ್‌ಬೋರ್ಡ್ ಪಿವಿಸಿ, ಗೋಡೆಗೆ ಸರಿ, ಮೂಲ ಪ್ರತಿ ಇರುವ ಪೆಟ್ಟಿಗೆಯೊಳಗೆ ಹಾಕಬಾರದು. ಒಳಗಿನ ಚೀಟಿ ದಪ್ಪ ಆಮ್ಲರಹಿತ ಕಾಗದದ್ದಿರಲಿ. ಭಾರತದ ಹೊರರೇಖೆ ಎಲ್ಲಾದರೂ ಬರೆದರೆ ಸರ್ವೇ ಆಫ್ ಇಂಡಿಯಾ ನಕ್ಷೆಯದ್ದೇ ಬಳಸಿ, ಅಂತರ್ಜಾಲದಲ್ಲಿ ಸಿಕ್ಕಿದ್ದನ್ನಲ್ಲ.

ಬುದ್ಧನ ಬೆಟ್ಟ (ಯಾದಗಿರಿ) ಉತ್ತರ:

ಎರವಲಿನ ಬಗ್ಗೆ ಯಾರೂ ಹೇಳಿಲ್ಲ. ಸಾಹಿತ್ಯಿಕವಾಗಿ, ಐತಿಹಾಸಿಕವಾಗಿ ಬೆಲೆಯುಳ್ಳ ಹಸ್ತಪ್ರತಿಗೆ 75 ವರ್ಷ ತುಂಬಿದರೆ 1972ರ ಪುರಾತನ ವಸ್ತುಗಳ ಕಾಯಿದೆಯಡಿ ಅದು ಪುರಾತನ ವಸ್ತು. ಉಳಿದ ವಸ್ತುಗಳಿಗೆ 100 ವರ್ಷ. ಆದ್ದರಿಂದ "ಕೊಟ್ಟರು, ತಂದೆವು" ಎನ್ನುವುದು ಸಾಲದು. ಎರಡು ಪ್ರತಿಯ ಎರವಲು ಪತ್ರ ಮಾಡಿ: ವಸ್ತುವಿನ ಅಳತೆ, ಗರಿ ಅಥವಾ ಪುಟಗಳ ಎಣಿಕೆ, ಹರಿದ, ಹುಳು ತಿಂದ ಜಾಗಗಳ ಫೋಟೊ, ವಾಪಸ್ ಕೊಡುವ ದಿನಾಂಕ, ಫೋಟೊ ತೆಗೆಯಲು, ಪ್ರಕಟಿಸಲು ಒಪ್ಪಿಗೆ ಇದೆಯೋ ಇಲ್ಲವೋ, ಮಾಲೀಕರ ಹೆಸರು ಚೀಟಿಯಲ್ಲಿ ಹಾಕಬಹುದೋ. ಎಣಿಕೆ ಮಾಲೀಕರ ಎದುರಿಗೇ, ತರುವಾಗ ಒಮ್ಮೆ, ಕೊಡುವಾಗ ಒಮ್ಮೆ. ಬಂದ ಕಟ್ಟನ್ನು ನೇರ ನಿಮ್ಮ ಸಂಗ್ರಹದ ಪಕ್ಕ ಇಡಬೇಡಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬಿಳಿ ಹಾಳೆಯ ಮೇಲೆ ಎರಡು ವಾರ ಬೇರೆ ಇಟ್ಟು ನೋಡಿ. ಹಾಳೆಯ ಮೇಲೆ ಹೊಸ ಪುಡಿ ಉದುರಿದ್ದರೆ ಒಳಗೆ ಹುಳು ಜೀವಂತ ಇದೆ.

ಹಕ್ಕುಸ್ವಾಮ್ಯ: ಲೇಖಕರು ತೀರಿಕೊಂಡು 60 ವರ್ಷ. 1948ರ ಪತ್ರಿಕೆಯಲ್ಲಿ ಅಚ್ಚಾದ ಫೋಟೊಗಳ ಅವಧಿ ಮುಗಿದಿದೆ, ಹೆಸರಿರುವ ಲೇಖನಕ್ಕೆ ಲೇಖಕರ ಮರಣದ ವರ್ಷ ನೋಡಬೇಕು. ಕಾರ್ಯಕ್ರಮದಲ್ಲಿ ಸಿನಿಮಾ ತೋರಿಸುವ ಯೋಚನೆ ಇದ್ದರೆ ಎಚ್ಚರ. ವಿದ್ಯಾರ್ಥಿ, ಸಿಬ್ಬಂದಿ, ಪೋಷಕರಿಗೆ ಮಾತ್ರ ತೋರಿಸಲು ಶಿಕ್ಷಣ ಸಂಸ್ಥೆಗೆ ಕಾಯಿದೆಯಲ್ಲಿ ರಿಯಾಯಿತಿ ಇದೆ. ಊರಿನವರಿಗೆಲ್ಲ ಬಾಗಿಲು ತೆರೆದರೆ ಅದು ಅನ್ವಯಿಸುವುದಿಲ್ಲ, ಪರವಾನಗಿ ಬೇಕು.

ಕಾಗಿಣಾ ತೀರ ಉತ್ತರ:

ಕಾರ್ಯಕ್ರಮದ್ದು ನಾ ಹೇಳ್ತೀನ್ರಿ.

ಮೊದಲು ಉದ್ಘಾಟನಾ. ದೀಪ ಹಚ್ಚೋದು, ಹಾರ, ತುರಾಯಿ ಎಲ್ಲಾ ಹೊರಗ ಪಡಸಾಲ್ಯಾಗ ಮುಗಸ್ರಿ. ಎಣ್ಣಿ ದೀಪದ ಮಸಿ, ಹೂವಿನ ಕೂಡ ಬರೋ ಹುಳಾ, ಎರಡೂ ಕಾಗದಕ್ಕ ವೈರಿ. ಒಳಗ ಬರೀ ರಿಬ್ಬನ್. ಚಹಾ, ಸುಸಲಾ, ಮಿರ್ಚಿ ಭಜಿ ಇಟ್ಟಿದ್ರ ಅದು ಪ್ರದರ್ಶನ ನೋಡಿದ ಮ್ಯಾಲೆ, ಹೊರಗ. ಭಜಿ ತಿಂದ ಕೈ ಗಾಜಿನ ಮ್ಯಾಲೆ ಇಟ್ರ ಸಂಜೀತನ ಒರಸೋದೇ ಕೆಲಸ ಆಗ್ತದ. ಗಾಜು ಒರಸೋ ದ್ರಾವಣ ಬಟ್ಟಿಗೆ ಹಚ್ಚಿ ಒರಸ್ಬೇಕು, ಪೆಟ್ಟಿಗಿ ಮ್ಯಾಲೆ ಸಿಂಪಡಿಸಿದ್ರ ಸಂದಿನಾಗ ಇಳೀತದ. ಅತಿಥಿಗಳು "ಸ್ವಲ್ಪ ಕೈಯಾಗ ಹಿಡಕೊಂಡು ಫೋಟೊ" ಅಂತಾರ, ಅದಕ್ಕ ಒಂದು ನಕಲು ಓಲಿ ಬ್ಯಾರೆ ತಯಾರ್ ಇಡ್ರಿ. ಬ್ಯಾಡ ಅನ್ನೋದಕ್ಕಿಂತ ಅದು ಸರಳ.

ಹೊತ್ತು. ಸೆಪ್ಟೆಂಬರ್ 17ರ ಮುಂಜಾನೆ ಎಲ್ಲಾ ಕಚೇರಿ, ಕಾಲೇಜಿನಾಗ ಧ್ವಜಾರೋಹಣ ಇರ್ತದ. 11:30ರ ಮುಂಚೆ ಇಟ್ಕೋಬ್ಯಾಡ್ರಿ. ಉಪನ್ಯಾಸ ಸಂಜೀ ಇಟ್ರ ಕ್ಯಾಂಪಸ್ಸಿಂದ ಊರಿಗೆ, ಹಳ್ಳಿಗೆ ಹೋಗೋ ಬಸ್ಸು ತಪ್ಪಿ ಅರ್ಧ ಮಂದಿ ನಡುವೇ ಎದ್ದು ಹೋಗ್ತಾರ. ಮಧ್ಯಾಹ್ನ 3ಕ್ಕ ಶುರು, 4:15ಕ್ಕ ಖಲಾಸ್. ಮಾತು 35 ನಿಮಿಷ, ಪ್ರಶ್ನಿ 25, ಸ್ವಾಗತ-ವಂದನಾ ಎರಡೂ ಕೂಡಿ 15. ಇದೇ ಪ್ರದರ್ಶನಾ ಮುಂದ ಬ್ಯಾಸಗಿಗೆ ಒಯ್ಯೋ ವಿಚಾರ ಇದ್ರ ಏಪ್ರಿಲ್-ಮೇದಾಗ ನಮ್ಮ ಕಡೆ ಸರಕಾರಿ ಕಚೇರಿ ಮುಂಜಾನೆ 8ರಿಂದ 1:30 ಅನ್ನೋದು ನೆನಪಿರಲಿ.

ಫರ್ಸಿ ನೆಲದಾಗ ಮೈಕ್ ಹಚ್ಚಿದ್ರ ಧ್ವನಿ ಗುಂಯ್ ಅಂತದ. ಮುಂದ ಒಂದು ದೊಡ್ಡ ಸ್ಪೀಕರ್ ಜೋರ್ ಮಾಡೋ ಬದಲಿ ಎರಡು ಸಣ್ಣವು ನಡು ಕೋಣಿ ಅಕ್ಕಪಕ್ಕ ಸಣ್ಣ ಧ್ವನಿಗೆ ಇಡ್ರಿ, ನೆಲಕ್ಕ ಜಮಖಾನಿ ಹಾಸ್ರಿ. ಪೆಟ್ಟಿಗಿ ಇದ್ದ ಕೋಣ್ಯಾಗ ಉಪನ್ಯಾಸ ಬ್ಯಾಡ. ನೂರು ಮಂದಿ ಉಸಿರು ಅಂದ್ರ ಅಷ್ಟೂ ತೇವ, ಓಲೆಗರಿಯವರ ಲೆಕ್ಕ ಒಂದು ತಾಸಿನಾಗ ಹೋತು.

ಮೂರು ಕಾರ್ಯಕ್ರಮದಾಗ ಒಂದು ಕೈ ಹಚ್ಚಿ ಮಾಡೋದು ಇರಲಿ: ಶಾಸನದ ಪಡಿಯಚ್ಚು, ಅಂದ್ರ ಕಲ್ಲಿನ ಅಕ್ಷರ ಮಸಿಲೆ ಕಾಗದಕ್ಕ ಇಳಸೋದು. ಚಿತ್ತಾಪುರ ತಾಲೂಕಿನ ಸನ್ನತಿಯ ಚಂದ್ರಲಾಂಬಾ ಗುಡಿಯಾಗ 1986ರಾಗ ಅಶೋಕನ ಶಾಸನದ ಕಲ್ಲು ಸಿಕ್ತು, ಬಾಜೂಕಿನ ಕನಗನಹಳ್ಳಿ ಸ್ತೂಪದ ಶಿಲ್ಪದ ಮ್ಯಾಲೆ ಬ್ರಾಹ್ಮಿಯಾಗ "ರಾಯೋ ಅಸೋಕೋ" (ರಾಜ ಅಶೋಕ) ಅಂತ ಅದ. ಅದನ್ನೇ ತಗೋರಿ. ಸಂರಕ್ಷಿತ ಕಲ್ಲಿನ ಮ್ಯಾಲೆ ನೀರು, ಮಸಿ ಹಚ್ಚಂಗಿಲ್ಲ. ಎರಡು ಅಡಿ ಉದ್ದ, ಒಂದೂವರಿ ಅಡಿ ಅಗಲದ ಶಹಾಬಾದ್ ಫರ್ಸಿ ತಂದು, ಕಲ್ಲಿನ ನಾಮಫಲಕ ಕೆತ್ತೋರ ಕಡಿಂದ ಆ ಅಕ್ಷರ 3 ಮಿ.ಮೀ. ಆಳಕ್ಕ ಕೆತ್ತಿಸ್ರಿ. ಪ್ಲಾಸ್ಟರಿನ ಅಚ್ಚು ಬ್ಯಾಡ, ನಾಲ್ಕು ಸಲ ನೀರು ಬಿದ್ರ ಅಂಚು ಸವೀತದ.

ಕಲ್ಲು ಬ್ರಷ್‌ಲೆ ಉಜ್ಜಿ ತೊಳೀರಿ. ನೀರಾಗ ನೆನಸಿದ ಕಾಗದ ಹಾಸಿ, ನಡುಕಿಂದ ಅಂಚಿಗೆ ಒತ್ತಿ ಗಾಳಿ ತಗೀರಿ. ಬಿರುಸು ಕೂದಲಿನ ಬ್ರಷ್‌ಲೆ ನೆಟ್ಟಗ ಬಡೀರಿ, ಉಜ್ಜಬ್ಯಾಡ್ರಿ, ಕಾಗದ ಅಕ್ಷರದ ಕುಣಿಯಾಗ ಇಳೀಬೇಕು. ಅರ್ಧ ಒಣಗಿ ಹೊಳಪು ಹೋದ ಮ್ಯಾಲೆ ಬಟ್ಟಿ ಉಂಡಿಗೆ ಮಸಿ ಹಚ್ಚಿ, ಮೊದಲು ಹಳೆ ಕಾಗದದ ಮ್ಯಾಲೆ ತಟ್ಟಿ ಹೆಚ್ಚಿಂದು ತಗದು, ಆಮ್ಯಾಲೆ ಹಗುರಕ ತಟ್ರಿ. ಅಕ್ಷರ ಬೆಳ್ಳಗ ಉಳೀತಾವ, ಸುತ್ತ ಕಪ್ಪು ಆಗ್ತದ. ಹಸಿ ಭಾಳ ಇದ್ರ ಮಸಿ ಅಕ್ಷರದಾಗ ಹರೀತದ. ಒಣಗಿದ್ದು ಭಾಳ ಆದ್ರ ಕಾಗದ ಮ್ಯಾಲೇಳ್ತದ, ಅಕ್ಷರ ಎರಡೆರಡು ಕಾಣ್ತಾವ. ಅವಸರ ಮಾಡಿ ಕಿತ್ತಿದ್ರ ಮೂಲಿಂದ ಹರೀತದ. ಒಂದು ಪ್ರತಿಗೆ ಮುಕ್ಕಾಲು ತಾಸು ಬೇಕು, ಸೆಪ್ಟೆಂಬರಿನ ಮೋಡದಾಗ ಇನ್ನೂ ಹೆಚ್ಚು. ಅದಕ್ಕ ಇದನ್ನ ಅಕ್ಟೋಬರ್‌ಗೆ ಹಾಕ್ರಿ, ದಸರಾ ರಜಾ ತಪ್ಪಿಸಿ. ಸಾಲಿ ಮಕ್ಕಳು 20-25ರ ಒಂದೊಂದು ತಂಡ. ಕಲ್ಲು ಮೂರು ಇದ್ರ ಯಾರೂ ಸುಮ್ಮನ ನಿಂದ್ರಂಗಿಲ್ಲ.

ಸಪ್ತಾಹದಾಗ "ಮನಿ ಕಾಗದ ತರ್ರಿ" ಅಂತ ಒಂದು ದಿನ ಇಡ್ರಿ. ಜನ ಹಳೆ ಕಾಗದ ತರ್ತಾರ, ನೀವು ಫೋಟೊ ತಗದು, ಓದಿ ಹೇಳಿ, ಅವತ್ತೇ ವಾಪಸ್. ಒಂದು ಕಾಗದಕ್ಕ 15 ನಿಮಿಷ ಹಿಡೀರಿ. ಎರಡು ಕ್ಯಾಮೆರಾ ಮೇಜು, ನಾಲ್ಕು ತಾಸು, ಅಂದ್ರ 32. ಟೋಕನ್ 32ಕ್ಕ ನಿಲ್ಲಸ್ರಿ, ಉಳಿದೋರಿಗೆ ಬ್ಯಾರೆ ದಿನ ಬರಕೊಡ್ರಿ. ನೋಂದಣಿ ಮೇಜು, ಮೆತ್ತನ ಬ್ರಷ್‌ಲೆ ಧೂಳ ತಗದು ಫೋಟೊ ತೆಗಿಯೋ ಮೇಜು, ಓದೋ ಮೇಜು. ಓದೋದಕ್ಕ ಹಳಗನ್ನಡ, ಉರ್ದು, ಮೋಡಿ (ಮರಾಠಿಯ ಹಳೆ ಓಡುಲಿಪಿ) ಮೂರೂ ಬಲ್ಲೋರು ಬೇಕು. ಆಳಂದ, ಬಸವಕಲ್ಯಾಣದ ಕಡಿಂದ ಮೋಡಿ ಕಾಗದ ಬಂದ್ರ ಆಶ್ಚರ್ಯ ಇಲ್ಲ. ಒಂದು ಮಾತು ಗಟ್ಟಿ: ಸನದು, ಪಹಣಿ ತಂದು "ಈ ಹೊಲ ಯಾರದು ಹೇಳ್ರಿ" ಅಂತ ಕೇಳೋರು ಇದ್ದೇ ಇರ್ತಾರ. ಕಾಗದದಾಗ ಏನು ಬರದದ ಅಷ್ಟೇ ಓದಬೇಕು, ಹಕ್ಕಿನ ಮಾತು ಆಡಬಾರದು. ಮೇಜಿನ ಮ್ಯಾಲೆ ಹಂಗಂತ ಬರದು ಇಡ್ರಿ.

ಮತ್ತ ನ್ಯಾಕ್ (ಕಾಲೇಜು, ವಿಶ್ವವಿದ್ಯಾಲಯದ ಗುಣಮಟ್ಟ ನೋಡೋ ಸಂಸ್ಥಾ) ವರದಿಗೆ ಸುತ್ತೋಲೆ, ಹಾಜರಿ ಪಟ್ಟಿ, ಜಿಯೋಟ್ಯಾಗ್ ಇದ್ದ ಫೋಟೊ ಅವತ್ತೇ ಜೋಡಿಸಿ ಇಡ್ರಿ. ಆಮ್ಯಾಲೆ ಸಿಗಂಗಿಲ್ಲ.

ಜ್ಞಾನದ್ವಾರ:

ಎಲ್ಲರಿಗೂ ಧನ್ಯವಾದ. ಲ್ಯಾಮಿನೇಶನ್ ಕೈಬಿಟ್ಟೆವು, ಮೂಲ ಪ್ರತಿ 13ಕ್ಕೆ ಇಳಿಸಿದೆವು. ಎರಡು ಸಂಶಯ. ಓಲೆಗರಿ ಸರ್, ತಾಡೋಲೆಯ ನಕಲನ್ನು ಸಾಮಾನ್ಯ ಸ್ಕ್ಯಾನರಿನಲ್ಲಿ ತೆಗೆಯಬಹುದೇ? ಮತ್ತು ರಾತ್ರಿ ಕರೆಂಟ್ ಹೋದರೆ ಪೆಟ್ಟಿಗೆಗಳಿಗೆ ಏನಾದರೂ ಆಗುತ್ತದೆಯೇ?

ಓಲೆಗರಿ:

ಸ್ಕ್ಯಾನರಿನ ಮುಚ್ಚಳ ಒತ್ತಿದರೆ ಬಾಗಿದ ಗರಿ ಮುರಿಯುತ್ತದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ನೆಟ್ಟಗೆ ಮೇಲಿಂದ ತೆಗೆಯಿರಿ, ಬೆಳಕು ಎಡದಿಂದ ಮಾತ್ರ ಓರೆಯಾಗಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಗರಿ ಉದ್ದ, ಎತ್ತರ ಕಡಿಮೆ. ಮೂರು ಭಾಗವಾಗಿ, ಒಂದರ ಮೇಲೊಂದು ಕಾಲು ಭಾಗ ಬರುವಂತೆ ತೆಗೆದು ಜೋಡಿಸಿದರೆ ಅಕ್ಷರ ಒಡೆಯುವುದಿಲ್ಲ. ಇದ್ದ ಅಳತೆಯಲ್ಲೇ ಅಚ್ಚು ಹಾಕಲು 300 ಡಿಪಿಐ, ಎರಡು ಪಟ್ಟು ಹಿಗ್ಗಿಸಲು ಮೂಲದಲ್ಲೇ 600. ಮಿರುಗುವ ಕಾಗದ ಬೇಡ, ಮ್ಯಾಟ್ ಸಾಕು.

ಕರೆಂಟ್ ಹೋದರೆ ಒಳಗಿನ ಜೆಲ್ಲಿಗೆ ಏನೂ ಆಗದು, ಅದಕ್ಕೆ ವಿದ್ಯುತ್ ಬೇಕಿಲ್ಲ. ಕೋಣೆಗೆ ಎ.ಸಿ. ಇಲ್ಲದಿರುವುದೂ ಒಂದು ರೀತಿ ಒಳ್ಳೆಯದೇ. ಹಗಲು ಹಾಕಿ ರಾತ್ರಿ ಆರಿಸುವ ಎ.ಸಿ. ದಿನಾ ಆರ್ದ್ರತೆಯನ್ನು ಏರಿಳಿಸುತ್ತದೆ, ಅದಕ್ಕಿಂತ ಸ್ಥಿರವಾದ ಕೋಣೆ ಮೇಲು. ನೋಡಬೇಕಾದ್ದು ಬೇರೆ: ಬೆಂಕಿ ಆರಿಸುವ ಸಿಲಿಂಡರ್ ಕಾರ್ಬನ್ ಡೈ ಆಕ್ಸೈಡಿನದ್ದು ಇದೆಯೇ, ಅದರ ಮರುಭರ್ತಿ ದಿನಾಂಕ ದಾಟಿದೆಯೇ, ಪೆಟ್ಟಿಗೆಯ ಕೀಲಿ ರಾತ್ರಿ ಕಾವಲುಗಾರರಿಗೆ ಎಲ್ಲಿ ಸಿಗುತ್ತದೆ. ಮಳೆ ನೀರು ಹನಿಯತೊಡಗಿದರೆ ಅವರು ಮೊದಲು ಗಾಜಿನ ಮೇಲೆ ಹೊದಿಸಲು ನಾಲ್ಕು ದಪ್ಪ ಪ್ಲಾಸ್ಟಿಕ್ ಹಾಳೆ ಅಲ್ಲೇ ಬಾಗಿಲ ಹಿಂದೆ ಮಡಿಸಿಟ್ಟಿರಲಿ.